ಹಿತ್ತಲಲ್ಲೇ ಆಫೀಸು: ಕಲಬುರಗಿ ಬಿಸಿಲಿಗೂ ಎರೆ ಮಣ್ಣಿಗೂ ಜಗ್ಗದ ಕೋಣೆ ಕಟ್ಟುವ ಬಗೆ

ಮನೆಯಿಂದಲೇ ಕೆಲಸ ಮಾಡುವವರು ನಮ್ಮ ಕಡೆ ಈಗ ಕಮ್ಮಿ ಏನಿಲ್ಲ. ಬೆಂಗಳೂರು, ಹೈದರಾಬಾದ್, ಪುಣೆ ಕಂಪನಿಗಳ ನೌಕರಿ ಇಟ್ಟುಕೊಂಡು ಕಲಬುರಗಿಯಲ್ಲೇ ಕೂತವರಿದ್ದಾರೆ. ಜಿಎಸ್‌ಟಿ ರಿಟರ್ನ್ ತುಂಬುವವರು, ಆನ್‌ಲೈನ್ ಪಾಠ ಹೇಳುವವರು ಇದ್ದಾರೆ. ಎಲ್ಲರ ತಕರಾರೂ ಹೆಚ್ಚುಕಡಿಮೆ ಒಂದೇ. ಪಡಸಾಲೆಯಲ್ಲಿ ಕೂತರೆ ಕುಕ್ಕರ್ ಸೀಟಿ, ಟಿವಿ, ಬಂದು ಹೋಗುವ ಬೀಗರು. ಮೀಟಿಂಗ್ ನಡುವೆ ಗ್ಯಾಸ್ ಸಿಲಿಂಡರ್ ಬಂದರೆ "ಅಂವ ಮನ್ಯಾಗೇ ಅದಾನಲ್ಲ, ಅವಂಗೇ ಹೇಳ್ರಿ" ಅನ್ನುತ್ತಾರೆ.

ಹಿತ್ತಲಲ್ಲಿ ಒಂದಿಷ್ಟು ಜಾಗ ಇದ್ದರೆ ಪ್ರತ್ಯೇಕ ಕೋಣೆ ಕಟ್ಟಿಕೊಳ್ಳುವುದೇ ಒಳ್ಳೆಯದು. ಆದರೆ ಇಂಟರ್‌ನೆಟ್ಟಿನಲ್ಲಿ ಸಿಗುವ ಗಾರ್ಡನ್ ಆಫೀಸಿನ ಫೋಟೋಗಳನ್ನು ನಂಬಬೇಡಿ. ಮರದ ಗೋಡೆ, ಮುಂದೆಲ್ಲ ಗಾಜು, ಸುತ್ತ ಹಸಿರು ಹುಲ್ಲು. ಅವೆಲ್ಲ ಬಿಸಿಲಿಗಾಗಿ ಕಾಯುವ ದೇಶಗಳ ಕೋಣೆಗಳು. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಊರಲ್ಲಿ ಗಾಜಿನ ಕೋಣೆ ಕಟ್ಟಿದರೆ ಮಧ್ಯಾಹ್ನ ಲ್ಯಾಪ್‌ಟಾಪ್ ಮೊದಲು ಆಫ್ ಆಗುತ್ತದೋ ನೀವೋ ಅನ್ನುವ ಪರಿಸ್ಥಿತಿ.

ಇಲ್ಲಿ ಕೋಣೆಯನ್ನು ಕೆಡಿಸುವವು ಎರಡು: ತಲೆ ಮೇಲಿನ ಬಿಸಿಲು, ಕಾಲ ಕೆಳಗಿನ ಎರೆ ಮಣ್ಣು. ಹಾಗಾಗಿ ದುಡ್ಡು ತಳಕ್ಕೂ ಮಾಡಿಗೂ ಹೋಗಬೇಕು. ಗೋಡೆಗೆ ಸಾಧಾರಣ ಖರ್ಚು ಸಾಕು. ಕುರ್ಚಿ ಬಿಟ್ಟು ಉಳಿದ ಅಲಂಕಾರವೆಲ್ಲ ಆಮೇಲೆ.

ಜಾಗ ಹುಡುಕುವುದು

ಒಬ್ಬರಿಗೆ 10 ಅಡಿ ಉದ್ದ 10 ಅಡಿ ಅಗಲ ಸಾಕು. ಕಪಾಟು, ಪ್ರಿಂಟರ್, ಬಂದವರಿಗೆ ಒಂದು ಕುರ್ಚಿ ಬೇಕೆಂದರೆ 10ಕ್ಕೆ 12 ಮಾಡಿ. ಅದಕ್ಕಿಂತ ದೊಡ್ಡದು ಮಾಡಿದರೆ ಒಂದು ವರ್ಷದಲ್ಲಿ ತೊಗರಿ ಚೀಲ, ಹಳೆ ಕೂಲರ್, ಮದುವೆ ಪಾತ್ರೆ ಎಲ್ಲ ಅಲ್ಲಿಗೇ ಬಂದು ಸೇರುತ್ತವೆ.

ಕಟ್ಟುವ ಮೊದಲು ಒಂದು ದಿನ ಬೆಳಗ್ಗೆ 9, ಮಧ್ಯಾಹ್ನ 1, ಸಂಜೆ 4 ಗಂಟೆಗೆ ಹಿತ್ತಲಿಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ಅಂತ ಸುಣ್ಣದಲ್ಲಿ ಗೆರೆ ಎಳೆಯಿರಿ. ಸಂಜೆ 4ರ ನೆರಳು ಎಲ್ಲಿದೆಯೋ ಅದೇ ಒಳ್ಳೆಯ ಜಾಗ. ಪಡುವಣ ದಿಕ್ಕಿಗೆ ಮನೆಯ ಗೋಡೆಯೋ ದೊಡ್ಡ ಬೇವಿನ ಮರವೋ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಮರಕ್ಕೆ ಅಂಟಿಕೊಂಡು ಕಟ್ಟಬೇಡಿ, 15–20 ಅಡಿ ದೂರ ಇರಲಿ. ಬೇರು ಮಣ್ಣಿನ ತೇವ ಎಳೆಯುತ್ತದೆ. ಎರೆ ಮಣ್ಣಿನಲ್ಲಿ ಒಂದು ಕಡೆ ಮಾತ್ರ ಒಣಗಿದರೆ ಗೋಡೆ ಆ ಕಡೆಗೆ ಕೂರುತ್ತದೆ.

ಮನೆಯ ಹಿರಿಯರು ವಾಸ್ತು ಕೇಳುತ್ತಾರೆ. ಈಶಾನ್ಯ ಬಿಡಿ, ನೈಋತ್ಯಕ್ಕೆ ಭಾರ ಹಾಕಿ ಅನ್ನುತ್ತಾರೆ. ಜಗಳ ಬೇಡ, ಜಾಗ ಇದ್ದರೆ ಒಪ್ಪಿಕೊಳ್ಳಿ. ಬಾಗಿಲು ಮೂಡಣಕ್ಕೋ ಬಡಗಣಕ್ಕೋ ಇರಲಿ ಅನ್ನುವುದರಲ್ಲಿ ಅವರಿಗೂ ಬಿಸಿಲಿನ ಲೆಕ್ಕಕ್ಕೂ ತಕರಾರಿಲ್ಲ.

ಪಾಲಿಕೆ ವ್ಯಾಪ್ತಿಯಲ್ಲಿ ಕಾಯಂ ಕಟ್ಟಡಕ್ಕೆ ಪರವಾನಗಿ ಬೇಕು. ಸೈಟಿನ ಸುತ್ತ ಬಿಡಬೇಕಾದ ಜಾಗದಲ್ಲಿ ಗೋಡೆ ಎಬ್ಬಿಸಿದರೆ ಪಕ್ಕದವರು ಅರ್ಜಿ ಕೊಟ್ಟ ದಿನ ತೊಂದರೆ ಶುರು. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಹಗುರ ಶೆಡ್ ಆದರೂ ಮೊದಲು ಕೇಳಿಯೇ ಶುರುಮಾಡಿ.

ಯಾವಾಗ ಶುರುಮಾಡಬೇಕು

ದೀಪಾವಳಿ ಮುಗಿದ ಮೇಲೆ. ಮಳೆ ನಿಂತಿರುತ್ತದೆ, ಬೋರ್‌ನಲ್ಲಿ ನೀರಿರುತ್ತದೆ, ಗೌಂಡಿ ಕೂಡ ಸಿಗುತ್ತಾರೆ. ಯುಗಾದಿಯೊಳಗೆ ಮುಗಿಸಿ. ಏಪ್ರಿಲ್‌ನಲ್ಲಿ ಹಾಕಿದ ಕಾಂಕ್ರೀಟಿಗೆ ಎಷ್ಟು ನೀರು ಉಣಿಸಿದರೂ ಸಾಲದು, ಹಾಕಿದ ಗಳಿಗೆಗೇ ಆರಿಹೋಗುತ್ತದೆ.

ತಳ: ಇಲ್ಲಿ ಚೌಕಾಸಿ ಬೇಡ

ಕಲಬುರಗಿಯ ಬಹುಪಾಲು ಎರೆಭೂಮಿ. ಮಳೆಗಾಲದಲ್ಲಿ ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಏಪ್ರಿಲ್‌ನಲ್ಲಿ ಖಾಲಿ ಸೈಟಿಗೆ ಹೋಗಿ ನೋಡಿ, ಬಿರುಕಿನೊಳಗೆ ಕೈ ಪೂರ್ತಿ ಇಳಿಯುತ್ತದೆ. ಈ ಉಬ್ಬು ಕುಗ್ಗು ಪ್ರತಿ ವರ್ಷ ನಡೆಯುತ್ತಲೇ ಇರುತ್ತದೆ.

ಇಲ್ಲಿ ಬಹಳ ಜನ ತಿಳಿದುಕೊಂಡಿರುವುದು ಉಲ್ಟಾ. ಸಣ್ಣ ಕೋಣೆ, ಹಗುರ, ಅದಕ್ಕೆ ಏನು ತಳಪಾಯ ಅಂತ. ಎರಡಂತಸ್ತಿನ ಮನೆಯ ಭಾರವಾದರೂ ಉಬ್ಬುವ ಮಣ್ಣನ್ನು ಒಂದಿಷ್ಟು ಅದುಮಿ ಹಿಡಿಯುತ್ತದೆ. ಹಗುರ ಕೋಣೆಯನ್ನು ಅದು ಸಲೀಸಾಗಿ ಎತ್ತಿಬಿಡುತ್ತದೆ. ಊರಲ್ಲಿ ನೋಡಿ, ಮನೆಗಿಂತ ಮೊದಲು ಬಿರುಕು ಬಿಡುವುದು ಕಂಪೌಂಡ್ ಗೋಡೆ. ಗೌಂಡಿ ಖಂಡಿತ ಕೇಳುತ್ತಾರೆ, "ಇಟ್ಟ್ ಸಣ್ಣ ಖೋಲಿಗಿ ಇಟ್ಟ್ ಆಳ ಯಾಕ್ ಬೇಕ್ರಿ ಸರ?" ನಕ್ಕು ಸುಮ್ಮನಾಗಿ, ಆಳ ಮಾತ್ರ ಬಿಡಬೇಡಿ.

ಕೋಣೆಯ ಅಳತೆಗಿಂತ ನಾಲ್ಕೂ ಕಡೆ 2 ಅಡಿ ಹೆಚ್ಚಿಗೆ ಗುರುತು ಹಾಕಿ, ಸುಮಾರು 3 ಅಡಿ ಆಳದ ಎರೆ ಮಣ್ಣನ್ನು ತೆಗೆಸಿ. ಆ ಮಣ್ಣನ್ನು ಹಿತ್ತಲಿನ ಗಿಡಗಳಿಗೆ ಹಾಕಿ, ಮತ್ತೆ ಅದೇ ಗುಂಡಿಗೆ ತುಂಬಲು ಬಿಡಬೇಡಿ. ಗುಂಡಿಗೆ ಮುರುಮ್ (ನೀರು ಕುಡಿದರೂ ಉಬ್ಬದ ಗರಸು ಮಣ್ಣು) ತುಂಬಿಸಿ. ಒಂದೇ ಸಲ ಸುರಿಯುವುದಲ್ಲ. 6 ಇಂಚು ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ, ಮೇಲೆ ಇನ್ನೊಂದು ಪದರ. ಟ್ರಾಕ್ಟರ್‌ನಿಂದ ಒಮ್ಮೆಲೇ ಸುರಿದು ಮೇಲೆ ಮಾತ್ರ ಬಡಿದರೆ ಮೊದಲ ಮಳೆಗೇ ಕುಸಿಯುತ್ತದೆ. ಈ ಕೆಲಸ ನಡೆಯುವಾಗ ಕಾಲ್ ಇಟ್ಟುಕೊಳ್ಳಬೇಡಿ, ರಜೆ ಹಾಕಿ ಎದುರಿಗೇ ನಿಲ್ಲಿ.

ಅದರ ಮೇಲೆ ಎರಡು ದಾರಿ. ಹಗುರ ಕೋಣೆಯಾದರೆ ಮೂಲೆಗಳಲ್ಲಿ ಕಾಂಕ್ರೀಟ್ ಪಾದ ಹಾಕಿ ಕಬ್ಬಿಣದ ಕಂಬ ನಿಲ್ಲಿಸುವುದು. ಗೋಡೆ ಕೋಣೆಯಾದರೆ ಗೋಡೆಯ ಬುಡದಲ್ಲಿ ಸುತ್ತ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಪಟ್ಟಿ, ಅಂದರೆ ಪ್ಲಿಂತ್ ಬೀಮ್, ಹಾಕಲೇಬೇಕು. ಎರೆ ಮಣ್ಣು 10–12 ಅಡಿ ಆಳದವರೆಗೂ ಇದ್ದರೆ, ಅದರ ಮೇಲೆ ಇಟ್ಟಿಗೆ ಕೋಣೆಯೇ ಬೇಕೆಂದರೆ, ಇಂಜಿನಿಯರ್‌ರನ್ನು ಕೇಳಿ. ತಳದಲ್ಲಿ ಅಗಲವಾಗುವ ಸಣ್ಣ ಪೈಲ್‌ಗಳನ್ನು ಇಳಿಸುವ ಪದ್ಧತಿ ಇಂಥ ಮಣ್ಣಿಗೆಂದೇ ಇದೆ.

ನೆಲ ಹಿತ್ತಲಿನ ಮಟ್ಟಕ್ಕಿಂತ ಒಂದೂವರೆ ಎರಡು ಅಡಿ ಮೇಲಿರಲಿ. ಕೋಣೆಯ ಸುತ್ತ 3 ಅಡಿ ಅಗಲದ ಪರಸಿ (ಚಪ್ಪಡಿ ಕಲ್ಲು) ಹಾಸಿ, ಹೊರಗೆ ಇಳಿಜಾರು ಕೊಡಿ. ನೀರು ಗೋಡೆಯ ಬುಡಕ್ಕೆ ಹೋಗಬಾರದು, ಅಷ್ಟೇ ಲೆಕ್ಕ. ಕೂಲರಿನಿಂದ ಸೋರುವ ನೀರು, ಎಸಿ ಪೈಪಿನ ಹನಿ, ಬಟ್ಟೆ ಒಗೆಯುವ ಕಲ್ಲಿನ ನೀರು, ಎಲ್ಲವನ್ನೂ ಪೈಪ್ ಹಾಕಿ ದೂರ ಬಿಡಿ. ಒಂದೇ ಮೂಲೆಗೆ ದಿನವೂ ನೀರು ಹನಿಸಿದರೆ ಆ ಮೂಲೆ ಉಬ್ಬುತ್ತದೆ, ಬಾಗಿಲು ಹಾಕಲು ಬರುವುದಿಲ್ಲ.

ಬೀದರಿನವರಿಗೆ ಈ ತಾಪತ್ರಯ ಕಮ್ಮಿ. ಅಲ್ಲಿನ ಕೆಂಪು ಜಂಬಿಟ್ಟಿಗೆ ನೆಲ ಈ ಪರಿ ಉಬ್ಬುವುದಿಲ್ಲ. ಯಾದಗಿರಿಯಲ್ಲಿ ಒಂದು ಕಡೆ ಬಂಡೆ ಇದ್ದರೆ ಇನ್ನೊಂದು ಕಡೆ ಎರೆ. ಅಗೆದು ನೋಡಿಯೇ ತೀರ್ಮಾನ ಮಾಡಿ.

ಗುಂಡಿ ತುಂಬುವ ಹೊತ್ತಿಗೇ ಗೆದ್ದಲಿನ ಔಷಧ ಹೊಡೆಸಿ. ನೆಲ ಹಾಸಿದ ಮೇಲೆ ಕೊರೆದು ಹೊಡೆಸುವುದು ದುಬಾರಿ.

ಮಾಡು

ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಆ ದಿನಗಳಲ್ಲಿ ಗೋಡೆಗಿಂತ ಮಾಡು ತಿನ್ನುವ ಬಿಸಿಲೇ ಜಾಸ್ತಿ.

ಬರೀ ಪತ್ರಾಸ್ (ತಗಡು) ಹಾಕಿದರೆ ಕೋಣೆ ರೊಟ್ಟಿ ಹಂಚಾಗುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿ ಗಾಳಿಯನ್ನು ತಲೆ ಮೇಲೆ ಸುರಿಯುತ್ತದೆ. ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ಬೆಳಗ್ಗೆ ತಂಪಾಗಿಯೇ ಇರುತ್ತದೆ. ಮೂರು ಗಂಟೆ ಮೇಲೆ ದಿನವಿಡೀ ಹೀರಿದ ಬಿಸಿ ಕೆಳಗಿಳಿಯಲು ಶುರುಮಾಡಿ ನಡುರಾತ್ರಿವರೆಗೂ ಬಿಡುವುದಿಲ್ಲ. ಅಮೆರಿಕದ ಶಿಫ್ಟ್‌ನಲ್ಲಿ ರಾತ್ರಿ ಕೂರುವವರಿಗಂತೂ ಇದು ಶಿಕ್ಷೆ. ಮುಂದೆ ಮೇಲೆ ಇನ್ನೊಂದು ಕೋಣೆ ಎಬ್ಬಿಸುವ ಆಸೆ ಇಲ್ಲದಿದ್ದರೆ ಸ್ಲ್ಯಾಬ್ ಹಾಕುವುದರಲ್ಲಿ ಅರ್ಥವಿಲ್ಲ ಅಂತ ನನ್ನ ಅಭಿಪ್ರಾಯ.

ನನಗೆ ಸರಿ ಕಂಡದ್ದು ಪಫ್ ಪ್ಯಾನೆಲ್. ಎರಡು ತೆಳು ತಗಡಿನ ನಡುವೆ ಫೋಮ್ ತುಂಬಿದ ಹಲಗೆ. 50 ಮಿಲಿಮೀಟರ್ ದಪ್ಪದ್ದು ತಗೊಳ್ಳಿ, ಮೇಲ್ಮೈ ಬಿಳಿ ಬಣ್ಣದ್ದಿರಲಿ. ಬಿಸಿ ಕೆಳಗಿಳಿಯುವುದು ಬಹಳ ಕಮ್ಮಿ. ಮಳೆ ಸದ್ದು ಕೂಡ ಬರೀ ತಗಡಿನಷ್ಟು ಇರುವುದಿಲ್ಲ. ತಗಡಿನ ಕೆಳಗೆ ಕೂತು ಆಗಸ್ಟ್‌ನಲ್ಲಿ ಕಾಲ್ ಮಾಡಿದವರಿಗೆ ಇದರ ಬೆಲೆ ಗೊತ್ತು. ಕಪನೂರ ಕೈಗಾರಿಕಾ ಪ್ರದೇಶದ ಕಡೆ ಫ್ಯಾಬ್ರಿಕೇಷನ್ ಮಾಡುವವರನ್ನು ವಿಚಾರಿಸಿ. ಇಬ್ಬರು ಮೂವರ ಹತ್ತಿರ ಬರಹದಲ್ಲಿ ಕೊಟೇಶನ್ ತಗೊಳ್ಳಿ, ಸಾಗಣೆ ಮತ್ತು ಜೋಡಣೆ ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ.

ಅಷ್ಟು ಖರ್ಚು ಬೇಡವೆಂದರೆ ಪತ್ರಾಸ್ ಮೇಲೆ ಇರಲಿ, ಅದರ ಕೆಳಗೆ ಅರ್ಧ ಅಡಿಗೂ ಹೆಚ್ಚು ಸಂದು ಬಿಟ್ಟು ಸಿಮೆಂಟ್ ಬೋರ್ಡ್‌ನ ಸೀಲಿಂಗ್ ಹೊಡೆಸಿ. ಸಂದಿನ ಎರಡೂ ತುದಿ ತೆರೆದಿರಬೇಕು, ಬಿಸಿ ಗಾಳಿ ಹೊರಗೆ ಹೋಗಲು. ತುದಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕಿ, ಇಲ್ಲದಿದ್ದರೆ ಇಲಿ, ಇಲಿಯ ಹಿಂದೆ ಹಾವು. ಅಗ್ಗ ಅಂತ ಬರೀ ಥರ್ಮಾಕೋಲ್ ಅಂಟಿಸಬೇಡಿ, ಅದು ಬೆಂಕಿ ಹಿಡಿದರೆ ಆರಿಸುವುದು ಕಷ್ಟ.

ತಗಡಾಗಲಿ ಸ್ಲ್ಯಾಬಾಗಲಿ, ಮೇಲೆ ಬಿಳಿ ಬಳಿಯಿರಿ. ಕೂಲ್ ರೂಫ್ ಪೇಂಟ್ ಆದರೆ ಕೆಲವು ವರ್ಷ ಬರುತ್ತದೆ. ಸ್ಲ್ಯಾಬಿಗೆ ಸುಣ್ಣವೂ ಆಗುತ್ತದೆ: ಸುಣ್ಣ ರಾತ್ರಿ ನೆನೆಸಿ, ಸೋಸಿ, ಅಂಟು ಬೆರೆಸಿ ಎರಡು ಕೈ ಬಳಿದರೆ ಆ ಬೇಸಿಗೆಗೆ ಸಾಕು. ಮಾಡನ್ನು ಗೋಡೆಯಿಂದ 2 ಅಡಿ ಹೊರಗೆ ಚಾಚಿ, ಪಡುವಣಕ್ಕೆ 3 ಅಡಿ. ಒಳಗಿನ ಎತ್ತರ 10 ಅಡಿಗೆ ಕಮ್ಮಿ ಬೇಡ.

ಗೋಡೆ, ಕಿಟಕಿ, ನೆಲ

ಗೋಡೆಗೆ ಬೂದಿ ಇಟ್ಟಿಗೆಯೂ ಆಗುತ್ತದೆ, ಎಎಸಿ ಬ್ಲಾಕೂ ಆಗುತ್ತದೆ. ಎಎಸಿ ಬ್ಲಾಕ್ ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಸಿಮೆಂಟ್ ಇಟ್ಟಿಗೆ; ಹಗುರ, ಬಿಸಿ ತಡೆಯುತ್ತದೆ. 8 ಇಂಚಿನದು ತಗೊಳ್ಳಿ. ಅದಕ್ಕೆ ಕಪಾಟು ಜೋತು ಹಾಕುವುದಾದರೆ ಸಾದಾ ಮೊಳೆ ನಿಲ್ಲುವುದಿಲ್ಲ, ಅದರದ್ದೇ ಆಂಕರ್ ಬೇಕು. ಬೀದರಿನಲ್ಲಾದರೆ ಕೊರೆದ ಜಂಬಿಟ್ಟಿಗೆಯಲ್ಲೇ ಕಟ್ಟಿ. ಕೋಟೆ ಕಟ್ಟಿದ ಕಲ್ಲು ಅದು, ನಿಮ್ಮ ಆಫೀಸಿಗೆ ಸಾಕಾಗುತ್ತದೆ.

ಪಡುವಣ ಗೋಡೆಗೆ ಕಿಟಕಿ ಇಡಬೇಡಿ. ಬೇಕೇ ಬೇಕೆಂದರೆ ಮೇಲೆ ಒಂದು ಸಣ್ಣ ಗವಾಕ್ಷಿ. ಆ ಗೋಡೆಯಿಂದ ಒಂದೂವರೆ ಅಡಿ ದೂರಕ್ಕೆ ತಂತಿ ಜಾಳಿಗೆ ನಿಲ್ಲಿಸಿ ಹೀರೆ, ತೊಂಡೆ ಬಳ್ಳಿ ಹಬ್ಬಿಸಿ. ಬಳ್ಳಿ ದೊಡ್ಡ ಕುಂಡದಲ್ಲಿರಲಿ, ಗೋಡೆ ಬುಡಕ್ಕೆ ನೀರು ಹಾಕುವುದು ತಪ್ಪುತ್ತದೆ.

ದೊಡ್ಡ ಕಿಟಕಿ ಬಡಗಣಕ್ಕೆ. ಕೆಲಸಕ್ಕೆ ಬೇಕಾದ ಮೆತ್ತನೆ ಬೆಳಕು ಅಲ್ಲಿಂದಲೇ ಬರುವುದು. ಒಂದು ಸಣ್ಣ ವಿಷಯ ಇದೆ. ಮೇ, ಜೂನ್‌ನಲ್ಲಿ ಸೂರ್ಯ ಮುಳುಗುವುದು ನೇರ ಪಡುವಣಕ್ಕಲ್ಲ, ಒಂದಿಷ್ಟು ಬಡಗಣಕ್ಕೆ ವಾಲಿ. ಸಂಜೆ ಐದರ ಹೊತ್ತಿಗೆ ಬಡಗಣ ಕಿಟಕಿಯಿಂದಲೂ ಓರೆ ಬಿಸಿಲು ಮೇಜಿನ ಮೇಲೆ ಬೀಳುತ್ತದೆ. ಕಿಟಕಿಯ ಎಡಕ್ಕೆ, ಅಂದರೆ ಒಳಗಿನಿಂದ ನೋಡುವಾಗ ಪಡುವಣದ ಬದಿಗೆ, ಹೊರಗಡೆ ಒಂದು ಪರಸಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿದರೆ ಅದು ತಪ್ಪುತ್ತದೆ. ಎದುರಿನ ಗೋಡೆಯಲ್ಲಿ ಇನ್ನೊಂದು ಕಿಟಕಿ ಇರಲಿ, ಗಾಳಿ ಆಡಲು. ಎರಡಕ್ಕೂ ಸೊಳ್ಳೆ ಜಾಳಿಗೆ.

ನೆಲಕ್ಕೆ ಟೈಲ್ಸ್ ಯಾಕೆ? ಶಹಾಬಾದ್ ಇರುವುದು ಇಲ್ಲೇ ಪಕ್ಕದಲ್ಲಿ. ಪಾಲಿಶ್ ಮಾಡಿದ ಶಹಾಬಾದ್ ಪರಸಿ ಬೇಸಿಗೆಯಲ್ಲಿ ಕಾಲಿಗೆ ತಂಪು, ಕುರ್ಚಿಯ ಗಾಲಿಗೂ ಜಗ್ಗುವುದಿಲ್ಲ. ಒಂದು ಕಲ್ಲು ಒಡೆದರೆ ಅದೊಂದನ್ನೇ ಎಬ್ಬಿಸಿ ಬದಲಿಸಬಹುದು. ಸುಣ್ಣದ ಕಲ್ಲಾದ್ದರಿಂದ ಲಿಂಬೆ, ಹುಣಸೆ, ಆಸಿಡ್ ಬಿದ್ದರೆ ಕಲೆ ಕೂರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಒರೆಸಲು ಯಾರಿಗೂ ಬಿಡಬೇಡಿ.

ಬಾಗಿಲ ಚೌಕಟ್ಟು ಕಬ್ಬಿಣದ್ದಾದರೆ ಗೆದ್ದಲಿನ ಕಾಟವಿಲ್ಲ. ಹೊಸ್ತಿಲು ಎತ್ತರವಿರಲಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಇರಲಿ. ಹಿತ್ತಲು ಅಂದಮೇಲೆ ಚೇಳು ಬಂದೇ ಬರುತ್ತದೆ.

ಕರೆಂಟು

ಮನೆಯ ಬೋರ್ಡಿನಿಂದ ಎಕ್ಸ್‌ಟೆನ್ಷನ್ ಎಳೆದು ಕೆಲಸ ಸಾಗಿಸುವುದು ಬೇಡ. ಪ್ರತ್ಯೇಕ ಎಂಸಿಬಿಯಿಂದ ಆರ್ಮರ್ಡ್ (ಲೋಹದ ಕವಚದ) ಕೇಬಲ್ ತಂದು ನೆಲದಲ್ಲಿ ಎರಡೂವರೆ ಅಡಿ ಆಳಕ್ಕೆ ಇಳಿಸಿ. ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಮುಂದೆ ಯಾರಾದರೂ ಸಲಿಕೆ ಹಾಕಿದರೆ ಮೊದಲು ಇಟ್ಟಿಗೆ ಸಿಗಲಿ. ಕೇಬಲ್ ಎಲ್ಲಿ ಹೋಗಿದೆ ಅಂತ ಮುಚ್ಚುವ ಮೊದಲು ಫೋಟೋ ತೆಗೆದಿಡಿ.

ಕೋಣೆಗೆ ತನ್ನದೇ ಬೋರ್ಡ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ತನ್ನದೇ ಅರ್ಥಿಂಗ್. ಆರ್‌ಸಿಸಿಬಿ ಬಿಡಲೇಬಾರದು, ಯಾಕೆಂದರೆ ಇಲ್ಲಿ ಕೂಲರ್ ಇರುತ್ತದೆ. ತಗಡಿನ ಕೂಲರಿಗೆ ನೀರು ಹಾಕಲು ಹೋಗಿ ಶಾಕ್ ಹೊಡೆದು ಜೀವ ಹೋದ ಸುದ್ದಿ ಬೇಸಿಗೆಯಲ್ಲಿ ಓದುತ್ತಲೇ ಇರುತ್ತೇವೆ. ಪ್ಲಗ್ ಕಿತ್ತ ಮೇಲೆಯೇ ನೀರು. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ. ಆ ಗುಂಡಿ ಗೋಡೆಯಿಂದ ದೂರವಿರಲಿ, ಕಾರಣ ಆಗಲೇ ಹೇಳಿದೆ.

ಇನ್ವರ್ಟರ್ ಲೆಕ್ಕ ಸುಲಭ. ಲ್ಯಾಪ್‌ಟಾಪ್ 65 ವ್ಯಾಟ್, ಮಾನಿಟರ್ 30, ಕಮ್ಮಿ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನ್ 30, ರೂಟರ್ 10, ಎಲ್‌ಇಡಿ 15. ಒಟ್ಟು 150 ವ್ಯಾಟ್. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇದೆ. ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರ್ ಕೂಡ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು 1000 ಅಂತ ಹಿಡಿಯಿರಿ. ಆರು ಗಂಟೆ ಮೇಲೆ ಬರುತ್ತದೆ. ಅದಕ್ಕೇ ಕೂಲರ್ ಸೇರಿಸಿದರೆ ಮೂರು ಗಂಟೆಗೆ ಇಳಿಯುತ್ತದೆ. ಜೆಸ್ಕಾಂ ಕರೆಂಟು ಹೋದಾಗ ಕೂಲರ್ ಬೇಕೋ ಸ್ಕ್ರೀನ್ ಬೇಕೋ, ನೀವೇ ಆರಿಸಿ.

ಇಂಟರ್‌ನೆಟ್

ಮನೆಯ ವೈಫೈ ಕಲ್ಲಿನ ಗೋಡೆ ದಾಟಿ ಹಿತ್ತಲಿಗೆ ಬಂದರೂ ಮೀಟಿಂಗಿಗೆ ಸಾಲುವಷ್ಟು ಬರುವುದಿಲ್ಲ. ಕೇಬಲ್ ಎಳೆಯಲೇಬೇಕು. ಲ್ಯಾನ್ ತಂತಿ 100 ಮೀಟರ್‌ವರೆಗೂ ಓಡುತ್ತದೆ, ಹಿತ್ತಲಿಗೆ ಅದು ಧಾರಾಳ. ಆದರೆ ಅದು ತಾಮ್ರ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಿಂಚು ಬಂದಾಗ ಹೊರಗೆ ಎಳೆದ ತಾಮ್ರದ ತಂತಿಯ ಮೂಲಕ ಹೊಡೆತ ಎರಡೂ ಕಡೆಯ ಯಂತ್ರಗಳಿಗೆ ತಗುಲಬಹುದು. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಮನೆಯಿಂದ ಕೋಣೆಗೆ ಫೈಬರನ್ನೇ ಪೈಪಿನೊಳಗೆ ತನ್ನಿ. ಕರೆಂಟು ಕೇಬಲ್ ಇಳಿಸುವ ದಿನವೇ ಒಂದು ಖಾಲಿ ಪೈಪ್ ಕೂಡ ಇಳಿಸಿಡಿ, ಒಳಗೆ ನೈಲಾನ್ ದಾರ ಬಿಟ್ಟು. ಮೇಲೆ ಗಾಳಿಯಲ್ಲಿ ಎಳೆದರೆ ಮಂಗಗಳಿಗೆ ಜೋಕಾಲಿಯಾಗುತ್ತದೆ.

ಬಹಳ ಜನ ಮರೆಯುವುದು ಒಂದಿದೆ. ಕೋಣೆಯಲ್ಲಿ ಇನ್ವರ್ಟರ್ ಇದ್ದು, ಮನೆಯಲ್ಲಿರುವ ಫೈಬರ್ ಪೆಟ್ಟಿಗೆಗೆ ಕರೆಂಟಿಲ್ಲದಿದ್ದರೆ ಏನೂ ಬರುವುದಿಲ್ಲ. ಆ ಪೆಟ್ಟಿಗೆಗೂ ಒಂದು ಸಣ್ಣ ರೂಟರ್ ಯುಪಿಎಸ್ ಹಾಕಿ. ಬೇರೆ ಕಂಪನಿಯ ಸಿಮ್ ಇರುವ ಫೋನೊಂದು ಹಾಟ್‌ಸ್ಪಾಟಿಗೆ ಸಿದ್ಧವಿರಲಿ.

ತಂಪು, ಮೇಜು, ಕುರ್ಚಿ

ನಮ್ಮ ಬೇಸಿಗೆ ಒಣ ಬೇಸಿಗೆ. ಹಾಗಾಗಿ ಕರಾವಳಿಯಲ್ಲಿ ಉಪಯೋಗಕ್ಕೆ ಬಾರದ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಕೋಣೆಯೊಳಗೆ ಇಡಬೇಡಿ. ನೆರಳಿರುವ ಕಿಟಕಿಯ ಹೊರಗೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎದುರಿನ ಕಿಟಕಿ ಅರ್ಧ ತೆರೆದಿಡಿ. ಒಳಗಿನ ಗಾಳಿಗೆ ದಾರಿ ಇಲ್ಲದಿದ್ದರೆ ಬರೀ ಜಿಗುಟು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೂಲರ್ ದಂಡ, ಫ್ಯಾನ್ ಸಾಕು. ನೀರಿನ ಅಭಾವದ ಓಣಿಯಾದರೆ ಎಸಿಯನ್ನೇ ಯೋಚಿಸಿ. ಪಫ್ ಮಾಡಿದ್ದರೆ ಒಂದು ಟನ್ ಸಾಕು.

ಮೇಜು ಎರಡೂವರೆ ಅಡಿ ಆಳ, 29 ಇಂಚು ಎತ್ತರ. ಬಡಗಣ ಕಿಟಕಿಗೆ ಮುಖವನ್ನೂ ಬೆನ್ನನ್ನೂ ಕೊಡಬೇಡಿ, ಪಕ್ಕಕ್ಕೆ ಕೂರಿ. ಬೆನ್ನಿಗೆ ಕಿಟಕಿ ಇದ್ದರೆ ಸ್ಕ್ರೀನಿನಲ್ಲಿ ಬೇವಿನ ಎಲೆ ಅಲ್ಲಾಡುವುದೇ ಕಾಣುತ್ತದೆ, ವಿಡಿಯೋ ಕಾಲ್‌ನಲ್ಲಿ ನಿಮ್ಮ ಮುಖ ಕಪ್ಪು. ಒಳಗೆ ಮಾತು ಗುಂಯ್‌ಗುಡುತ್ತಿದ್ದರೆ ಹಿಂದಿನ ಗೋಡೆಗೆ ಒಂದು ಹಳೆ ಜಮಖಾನ ಅಥವಾ ಕೌದಿ ನೇತುಹಾಕಿ. ಕುರ್ಚಿ ಮಾತ್ರ ಅಂಗಡಿಗೆ ಹೋಗಿ ಅರ್ಧ ಗಂಟೆ ಕೂತು ನೋಡಿಯೇ ತಗೊಳ್ಳಿ.

ಅಡುಗೆಮನೆಯಿಂದ ಕೋಣೆಗೆ ಒಂದು ವೈರ್‌ಲೆಸ್ ಬೆಲ್ ಹಾಕಿಸಿ. ಒಂದು ಸಲ ಬಾರಿಸಿದರೆ ಊಟ, ಎರಡು ಸಲ ಅಂದರೆ ಅರ್ಜೆಂಟು ಅಂತ ಮನೆಯಲ್ಲಿ ಮಾತಾಡಿಕೊಳ್ಳಿ. ಅವ್ವ ಬಿಸಿಲಲ್ಲಿ ಹಿತ್ತಲು ದಾಟಿ ಬಂದು ಕಿಟಕಿಯಲ್ಲಿ ಇಣುಕುವುದು ತಪ್ಪುತ್ತದೆ.

ವರ್ಷದ ನಿಗಾ

ತೊಗರಿ ರಾಶಿ ಮಾಡುವ ಡಿಸೆಂಬರ್, ಜನವರಿಯಲ್ಲಿ ಹೊಲದ ಬದಿಯ ಮನೆಗಳಿಗೆ ಧೂಳು ವಿಪರೀತ. ಬಡಗಣ ಕಿಟಕಿ ಮುಚ್ಚಿ ಕೆಲಸ ಮಾಡಿ, ಲ್ಯಾಪ್‌ಟಾಪ್ ಫ್ಯಾನ್ ಶುಚಿ ಮಾಡಿಸಿ. ಯುಗಾದಿಗೆ ಮನೆಗೆ ಸುಣ್ಣ ಹೊಡೆಯುವಾಗ ಸ್ಲ್ಯಾಬಿದ್ದವರು ಮಾಡಿಗೂ ಒಂದು ಕೈ ಬಳಿಸಿ, ಕೂಲರಿನ ಹುಲ್ಲು ಬದಲಿಸಿ. ಮೃಗಶಿರ ಮಳೆಗೆ ಮುಂಚೆ ಸುತ್ತಲಿನ ಪರಸಿ ನೋಡಿ. ಕಲ್ಲುಗಳ ನಡುವೆ ಸಂದು ಬಿಟ್ಟಿದ್ದರೆ ಸಿಮೆಂಟ್ ಮೆತ್ತಿಸಿ, ಮಾಡಿನ ದೋಣಿಯಲ್ಲಿ ಬಿದ್ದ ಬೇವಿನ ಎಲೆ ತೆಗೆಸಿ. ಬೇಸಿಗೆಯಲ್ಲಿ ಬ್ಯಾಟರಿ ನೀರು ಬೇಗ ಇಳಿಯುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೊಮ್ಮೆ ಮಟ್ಟ ನೋಡಿ, ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ಹಾಕಿ. ಬೋರ್ ನೀರು ಹಾಕಿದರೆ ಬ್ಯಾಟರಿ ಕೆಡುತ್ತದೆ.